ನೆಪೋಲಿಯನ್‌ನ ಏಳುಬೀಳು ಶಾಲೆಯ ಜಗಲಿಯಲ್ಲಿ: ಒಂದು ಹಗ್ಗ, ಒಂದು ಬಟ್ಟೆ, ಒಂದು ಮಣ್ಣಿನ ಹಲಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಮೇಳಕ್ಕೆ ತಯಾರಿ ನಡೆಸುವ ಅಧ್ಯಾಪಕರಿಗೂ ಮಕ್ಕಳಿಗೂ ಈ ಬರಹ. ಫ್ರೆಂಚ್ ಕ್ರಾಂತಿಯ ಪಾಠದ ಬೆನ್ನಿಗೇ ನೆಪೋಲಿಯನ್ ಬರುತ್ತಾನೆ. ಮೇಳದಲ್ಲಿ ಅವನ ಬಗ್ಗೆ ಕಾಣುವುದು ಹೆಚ್ಚಾಗಿ ಥರ್ಮಕೋಲಿನ ಟೋಪಿ, ಬಿಳಿ ಕುದುರೆಯ ಚಿತ್ರ, ಯುದ್ಧಗಳ ಉದ್ದ ಪಟ್ಟಿ. ಇವನ್ನು ನೋಡಿದವರಿಗೆ ಅವನು ಹೇಗೆ ಎದ್ದ, ಏಕೆ ಬಿದ್ದ ಎಂಬುದು ತಿಳಿಯುವುದಿಲ್ಲ. ಇಲ್ಲಿ ಹೇಳಿರುವ ಮೂರು ವಸ್ತುಗಳನ್ನು ಅಳತೆಗೆ ಸರಿಯಾಗಿ ಮಾಡಿದರೆ ಕಾರಣಗಳು ಕಣ್ಣಿಗೇ ಬೀಳುತ್ತವೆ. ಬೀಳು ಶುರುವಾದದ್ದು ಸೋತ ವರ್ಷಗಳಲ್ಲಲ್ಲ, ಗೆಲ್ಲುತ್ತಿದ್ದ ವರ್ಷಗಳಲ್ಲೇ. ಇಡೀ ಪ್ರದರ್ಶನ ತೋರಿಸಬೇಕಾದದ್ದು ಇದನ್ನೇ.

ಕೆಲಸಕ್ಕೆ ಎಂಟು ಮಕ್ಕಳು, ಎರಡು ಶನಿವಾರ ಸಾಕು. ಹಗ್ಗಕ್ಕೆ ಇಬ್ಬರು, ಬಟ್ಟೆಗೆ ನಾಲ್ವರು, ಮಣ್ಣಿಗೆ ಇಬ್ಬರು. ಬಟ್ಟೆಯ ಕೆಲಸವೇ ದೊಡ್ಡದು. ಅದಕ್ಕೆ ಅಂಕಗಣಿತ ಬಲ್ಲವರನ್ನು ಹಾಕಿ, ಚಿತ್ರ ಬರೆಯಬಲ್ಲವರು ಒಬ್ಬರಿದ್ದರೆ ಸಾಕು.

ಹಗ್ಗ: 1769ರಿಂದ 1821

12 ಮೀಟರ್ ತೆಂಗಿನ ನಾರಿನ ಹಗ್ಗ ಬೇಕು. ಜಗಲಿಯ ಕಂಬಗಳಿಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಬಿಗಿಯಾಗಿ ಕಟ್ಟಿ. ನೆಲದಲ್ಲಿ ಹಾಸಿ ಗುರುತು ಹಾಕಿ ಆಮೇಲೆ ಕಟ್ಟಿದರೆ ಹಗ್ಗ ಜಗ್ಗಿ ಲೆಕ್ಕ ತಪ್ಪುತ್ತದೆ. ಮೊದಲು ಕಟ್ಟಿ, ಆಮೇಲೆ ಅಳೆಯಿರಿ.

ಅಳತೆ: ಒಂದು ವರ್ಷಕ್ಕೆ 20 ಸೆಂ.ಮೀ. ಸೊನ್ನೆ ಎಂದರೆ 1769ರ ಜನವರಿ 1. 1821ರ ಕೊನೆ 1060 ಸೆಂ.ಮೀ.ಗೆ ಬರುತ್ತದೆ. ಮುಖ್ಯ ಗುರುತುಗಳು ಇವು (ಸೆಂ.ಮೀ.ಗಳಲ್ಲಿ):

12 – ಕಾರ್ಸಿಕಾ ದ್ವೀಪದ ಅಜಾಕ್ಸಿಯೋದಲ್ಲಿ ಜನನ, 1769 ಆಗಸ್ಟ್ 15
499 – ತೂಲೋನ್ ಬಂದರಿನ ಮುತ್ತಿಗೆ ಮುಗಿದದ್ದು, 1793 ಡಿಸೆಂಬರ್. 24ನೇ ವಯಸ್ಸಿಗೆ ಬ್ರಿಗೇಡಿಯರ್ ಜನರಲ್
535 – ಪ್ಯಾರಿಸ್ಸಿನ ದಂಗೆಯನ್ನು ಫಿರಂಗಿಯಿಂದ ಅಡಗಿಸಿದ್ದು, 1795 ಅಕ್ಟೋಬರ್ 5
607 – ಶ್ರೀರಂಗಪಟ್ಟಣದ ಪತನ, 1799 ಮೇ 4
617 – ಅಧಿಕಾರ ಕಿತ್ತುಕೊಂಡದ್ದು, 1799 ನವೆಂಬರ್ 9
718 – ನೋತ್ರ್ ದಾಮ್‌ನಲ್ಲಿ ಪಟ್ಟಾಭಿಷೇಕ, 1804 ಡಿಸೆಂಬರ್ 2
736 – ಟ್ರಫಾಲ್ಗರ್ ನೌಕಾಯುದ್ಧ, ಬ್ರಿಟನ್ನಿಗೆ ಸೋತದ್ದು, 1805 ಅಕ್ಟೋಬರ್ 21
738 – ಆಸ್ಟರ್ಲಿಟ್ಸ್ ಕದನ, ಆಸ್ಟ್ರಿಯಾ, ರಷ್ಯಾಗಳನ್ನು ಗೆದ್ದದ್ದು, 1805 ಡಿಸೆಂಬರ್ 2
870 – ನೀಮನ್ ನದಿ ದಾಟಿ ರಷ್ಯಾಕ್ಕೆ, 1812 ಜೂನ್ 24
929 – ವಾಟರ್ಲೂ ಕದನ, ಕೊನೆಯ ಸೋಲು, 1815 ಜೂನ್ 18
1047 – ಸೇಂಟ್ ಹೆಲೆನಾ ದ್ವೀಪದ ಸೆರೆಯಲ್ಲಿ ಸಾವು, 1821 ಮೇ 5

ಉಳಿದವನ್ನು ಇದೇ ಲೆಕ್ಕದಲ್ಲಿ ಹಾಕಿಕೊಳ್ಳಿ: 1769ರಿಂದ ಕಳೆದ ವರ್ಷಗಳನ್ನು 20ರಿಂದ ಗುಣಿಸಿ, ತಿಂಗಳಿಗೆ 1.7 ಸೆಂ.ಮೀ. ಕೂಡಿಸಿ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಮೊದಲ ಐದು ಮೀಟರ್ ಬಹುತೇಕ ಖಾಲಿ, 1796ರಿಂದ 1815ರವರೆಗೆ ಚೀಟಿಗಳ ಜಾತ್ರೆ. ಹಾಗಾಗಿ ಖಾಲಿ ಭಾಗವನ್ನು ಕುಗ್ಗಿಸಿ ತುಂಬಿದ ಭಾಗವನ್ನು ಹಿಗ್ಗಿಸೋಣ ಎನಿಸುತ್ತದೆ. ಬೇಡ. ಬಡ ಕುಲೀನ ಮನೆಯ ಹುಡುಗ, 1779ರಲ್ಲಿ ಬ್ರಿಯೆನ್ನಿನ ಸೈನಿಕ ಶಾಲೆಗೆ ಸೇರಿದವನು, 1785ರಲ್ಲಿ ಫಿರಂಗಿ ದಳದ ಸೆಕೆಂಡ್ ಲೆಫ್ಟಿನೆಂಟ್ ಆದವನು, ಕ್ರಾಂತಿ ಬರುವವರೆಗೆ ಮೇಲೇರಲು ಏಣಿಯೇ ಇರಲಿಲ್ಲ ಎಂಬುದನ್ನು ಆ ಖಾಲಿ ಜಾಗವೇ ಹೇಳುತ್ತದೆ. ಹಳೆಯ ವ್ಯವಸ್ಥೆಯಲ್ಲಿ ದೊಡ್ಡ ಹುದ್ದೆಗಳು ದೊಡ್ಡ ಮನೆತನಗಳಿಗೆ ಮೀಸಲು. 1789ರ ನಂತರ ಅಧಿಕಾರಿಗಳಲ್ಲಿ ಬಹಳ ಮಂದಿ ದೇಶ ಬಿಟ್ಟು ಓಡಿದರು, ಜಾಗ ಖಾಲಿಯಾಯಿತು. ಚೀಟಿಗಳು ಒತ್ತಾದಲ್ಲಿ ದಾರಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ನೇತುಹಾಕಿ. 1814ರಲ್ಲಿ ಗಡೀಪಾರಾಗಿದ್ದ ಎಲ್ಬಾ ದ್ವೀಪದಿಂದ ಮರಳಿ ಆಳಿದ ನೂರು ದಿನಗಳಿಗೆ ಹಗ್ಗದಲ್ಲಿ ಸಿಗುವುದು ಐದೂವರೆ ಸೆಂ.ಮೀ. ಮಾತ್ರ. ಅಲ್ಲಿ ಮೂರು ಚೀಟಿ ಸಾಕು: 1815 ಮಾರ್ಚ್ 1 ಫ್ರಾನ್ಸಿನ ದಡ, ಮಾರ್ಚ್ 20 ಪ್ಯಾರಿಸ್, ಜೂನ್ 18 ವಾಟರ್ಲೂ.

ಯುದ್ಧದ ಚೀಟಿಗಳು ಹಗ್ಗದ ಮೇಲೆ, ಆಡಳಿತದ ಚೀಟಿಗಳು ಹಗ್ಗದ ಕೆಳಗೆ. ಕೆಳಗಿನವು: 1800 ಬ್ಯಾಂಕ್ ಆಫ್ ಫ್ರಾನ್ಸ್, 1801 ಪೋಪ್ ಜತೆ ಒಪ್ಪಂದ, 1802 ಲಿಸೆ ಎಂಬ ಸರಕಾರಿ ಪ್ರೌಢಶಾಲೆಗಳು, 1804 ಮಾರ್ಚ್ 21 ನಾಗರಿಕ ಸಂಹಿತೆ. ಇಷ್ಟನ್ನು ಎಲ್ಲರೂ ಹಾಕುತ್ತಾರೆ. 1802ರ ಮೇ ತಿಂಗಳ ಇನ್ನೊಂದು ಕಾನೂನನ್ನು ಬಿಡುತ್ತಾರೆ: ಕ್ರಾಂತಿ ರದ್ದು ಮಾಡಿದ್ದ ಗುಲಾಮಗಿರಿಗೆ ವಸಾಹತುಗಳಲ್ಲಿ ಮತ್ತೆ ಜೀವ ಕೊಟ್ಟವನು ಇದೇ ನೆಪೋಲಿಯನ್. ಅದರ ಪಕ್ಕದಲ್ಲಿ 1804 ಜನವರಿ 1, ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಸ್ವಾತಂತ್ರ್ಯ ಬರಬೇಕು. ನಾಗರಿಕ ಸಂಹಿತೆಯ ಚೀಟಿಯಲ್ಲೂ ಎರಡು ಸಾಲು ಇರಲಿ. ಕಾನೂನಿನ ಮುಂದೆ ಗಂಡಸರೆಲ್ಲ ಸಮಾನ ಎಂದದ್ದು ಒಂದು, ಹೆಂಡತಿಯನ್ನು ಗಂಡನ ಅಧೀನಕ್ಕೆ ಒಪ್ಪಿಸಿದ್ದು ಇನ್ನೊಂದು. ಇವನ್ನು ಬಿಟ್ಟರೆ ಪ್ರದರ್ಶನ ಹೊಗಳಿಕೆಯ ಫಲಕವಾಗುತ್ತದೆ.

607ನೇ ಗುರುತು ನಮ್ಮ ಊರಿನ ಮಕ್ಕಳಿಗೆ ಮುಖ್ಯ. 1798ರಲ್ಲಿ ಈಜಿಪ್ಟಿಗೆ ಹೋದ ನೆಪೋಲಿಯನ್, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಬೇಕಲ ಕೋಟೆಯೂ ಸೇರಿ ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿ ಇದ್ದ. ವಾಟರ್ಲೂವಿನಲ್ಲಿ ನೆಪೋಲಿಯನ್‌ಗೆ ಎದುರು ನಿಂತ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅವನೇ. 607ರಿಂದ 929ಕ್ಕೆ ಒಂದು ಹಸಿರು ದಾರ ಎಳೆಯಿರಿ.

ಇನ್ನು ಕೆಂಪು ದಾರ. ಇಡೀ ಹಗ್ಗದ ಜೀವ ಇದರಲ್ಲಿದೆ. ಟ್ರಫಾಲ್ಗರಿನಿಂದ ಶುರುಮಾಡಿ. ಅಲ್ಲಿ ನೌಕಾಬಲ ಕಳೆದುಕೊಂಡದ್ದರಿಂದ ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಗುವ ದಾರಿ ಮುಚ್ಚಿತು. ಹೋರಾಟ ವ್ಯಾಪಾರಕ್ಕೆ ತಿರುಗಿತು: 1806 ನವೆಂಬರ್ 21ರ ಬರ್ಲಿನ್ ಆಜ್ಞೆ, ಯುರೋಪಿನ ಬಂದರುಗಳೆಲ್ಲ ಬ್ರಿಟಿಷ್ ಸರಕಿಗೆ ಬಂದ್. ಬಂದ್ ಮಾಡದ ಪೋರ್ಚುಗಲ್ಲಿಗೆ 1807ರಲ್ಲಿ ಸೈನ್ಯ. ಆ ದಾರಿಯಲ್ಲೇ ಸ್ಪೇನನ್ನೂ ನುಂಗಲು ಹೋಗಿ 1808ರ ಮೇ 2ರಂದು ಮ್ಯಾಡ್ರಿಡ್ ದಂಗೆ, ಅಲ್ಲಿಂದ ಆರು ವರ್ಷಗಳ ಗೆರಿಲ್ಲಾ ಯುದ್ಧ. ಇದೇ ನಿರ್ಬಂಧದಿಂದ ನಷ್ಟ ಅನುಭವಿಸಿದ ರಷ್ಯಾ 1810ರ ಕೊನೆಗೆ ಹೊರಗೆ ಬಂತು, 1812ರಲ್ಲಿ ರಷ್ಯಾದ ಮೇಲೆ ದಂಡಯಾತ್ರೆ. ದಾರ 736, 758, 777, 787, 840, 870 ಹೀಗೆ ಸಾಗುತ್ತದೆ. ಆಸ್ಟರ್ಲಿಟ್ಸ್ ಅವನ ಅತಿ ದೊಡ್ಡ ಗೆಲುವು. ಬೀಳಿನ ದಾರ ಅದಕ್ಕಿಂತ ಎರಡು ಸೆಂ.ಮೀ. ಹಿಂದೆಯೇ, 42 ದಿನ ಮೊದಲೇ ಹೊರಟಿರುತ್ತದೆ. ನೋಡಲು ಬಂದವರ ಬೆರಳನ್ನು ಅಲ್ಲಿಗೆ ಒಯ್ಯಿರಿ.

"ಉತ್ತುಂಗ ಯಾವಾಗ?" ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಅಂದಾಜಿನಲ್ಲಿ ಬೆಟ್ಟ ಬರೆಯುವ ಬದಲು ಅಳೆಯಬಹುದಾದ ಒಂದನ್ನು ಹಿಡಿದುಕೊಳ್ಳಿ. 1790ರಲ್ಲಿ ಫ್ರಾನ್ಸಿನಲ್ಲಿ 83 ಆಡಳಿತ ಜಿಲ್ಲೆಗಳಿದ್ದವು. 1811ರ ಹೊತ್ತಿಗೆ 130. ರೋಮ್, ಆಮ್‌ಸ್ಟರ್‌ಡ್ಯಾಮ್, ಹ್ಯಾಂಬರ್ಗ್ ಎಲ್ಲ ಒಳಗೆ. 1815ರ ಬಳಿಕ 86. ಹೆಚ್ಚಿದ ಪ್ರತಿ ಜಿಲ್ಲೆಗೆ ಅರ್ಧ ಸೆಂ.ಮೀ. ಎಂದಿಟ್ಟುಕೊಂಡರೆ 1811ರಲ್ಲಿ ಹಗ್ಗದಿಂದ 23.5 ಸೆಂ.ಮೀ. ಮೇಲೆ ಒಂದು ಕಡ್ಡಿ ನಿಲ್ಲುತ್ತದೆ. ಅಷ್ಟರಲ್ಲಿ ಸ್ಪೇನಿನ ಗಾಯಕ್ಕೆ ಮೂರು ವರ್ಷ. ನಕ್ಷೆಯಲ್ಲಿ ಸಾಮ್ರಾಜ್ಯ ಅತಿ ದೊಡ್ಡದಾಗಿ ಕಂಡ ವರ್ಷದಲ್ಲೇ ಒಳಗೆ ರಕ್ತ ಸೋರುತ್ತಿತ್ತು.

ಹಗ್ಗದ ಒಂದು ಕಂಬದಲ್ಲಿ ನೆಲದಿಂದ 168 ಸೆಂ.ಮೀ. ಎತ್ತರಕ್ಕೆ ಗೆರೆ ಎಳೆಯಿರಿ. ಅವನ ಎತ್ತರ ಐದು ಅಡಿ ಎರಡು ಅಂಗುಲ ಎಂದು ದಾಖಲಾದದ್ದು ಫ್ರೆಂಚ್ ಅಳತೆಯಲ್ಲಿ. ಫ್ರೆಂಚ್ ಅಂಗುಲ 2.7 ಸೆಂ.ಮೀ., ಇಂಗ್ಲಿಷ್ ಅಂಗುಲ 2.54. ಆ ವ್ಯತ್ಯಾಸ ಗೊತ್ತಿಲ್ಲದೆ ಲೆಕ್ಕ ಹಾಕಿದರೆ 157 ಬರುತ್ತದೆ, ಕುಳ್ಳ ಎಂಬ ಮಾತು ಗಟ್ಟಿಯಾಗುತ್ತದೆ.

ಬಟ್ಟೆ: 1812ರ ರಷ್ಯಾ ದಂಡಯಾತ್ರೆ

ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್, 1869ರಲ್ಲಿ, ತನ್ನ 88ನೇ ವಯಸ್ಸಿನಲ್ಲಿ ಬರೆದ ನಕ್ಷೆಯನ್ನು ಇಲ್ಲಿ ದೊಡ್ಡದು ಮಾಡುತ್ತೇವೆ. ಸೈನ್ಯವನ್ನು ಅವನು ಒಂದು ಪಟ್ಟಿಯಾಗಿ ಬರೆದ. ಪಟ್ಟಿಯ ಅಗಲವೇ ಸೈನಿಕರ ಸಂಖ್ಯೆ. ಅವನ ಕಾಗದದಲ್ಲಿ 10,000 ಮಂದಿಗೆ 1 ಮಿ.ಮೀ. ನಮ್ಮ ಬಟ್ಟೆಯಲ್ಲಿ 10,000ಕ್ಕೆ 1 ಸೆಂ.ಮೀ.

ಚಾರ್ಟ್ ಪೇಪರ್ ಬೇಡ. ಮೇಳ ಬರುವುದು ತುಲಾವರ್ಷದ (ಹಿಂಗಾರು ಮಳೆಯ) ಹೊತ್ತಿಗೆ. ಮಧ್ಯಾಹ್ನ ಗುಡುಗು ಶುರುವಾದರೆ ಕಾಗದ ತೇವ ಹೀರಿ ಸುರುಟುತ್ತದೆ, ಸುಣ್ಣ ಬಳಿದ ಮುರಕಲ್ಲಿನ ಗೋಡೆಗೆ ಟೇಪು ನಿಲ್ಲುವುದೇ ಇಲ್ಲ. ಬೇಕಾದದ್ದು:

90 ಸೆಂ.ಮೀ. ಪನ್ನದ ಕೋರಾ ಬಟ್ಟೆ 9 ಮೀಟರ್
ಜರಡಿ ಹಿಡಿದ ಕೆಮ್ಮಣ್ಣು 250 ಗ್ರಾಂ, ನುಣ್ಣಗೆ ಅರೆದ ಇದ್ದಿಲು 100 ಗ್ರಾಂ
ಮೈದಾ 100 ಗ್ರಾಂ
ಬಟ್ಟೆಯಷ್ಟೇ ಉದ್ದದ ಎರಡು ಅಡಿಕೆ ದಬ್ಬೆ
ಅಳತೆ ಟೇಪು, ಸೀಮೆಸುಣ್ಣ ಹಚ್ಚಿದ ನೂಲು, ಎರಡು ಅಗಲ ಕುಂಚ

ಬಟ್ಟೆಯನ್ನು ನೀರಿಗೆ ಹಾಕಿ ಗಂಜಿ ಬಿಡಿಸಿ ಒಣಗಿಸಿ. ಹೊಸ ಕೋರಾ ಬಟ್ಟೆ ಒದ್ದೆಯಾದರೆ ಕುಗ್ಗುತ್ತದೆ, ಬರೆದ ಮೇಲೆ ಕುಗ್ಗಿದರೆ ಅಳತೆಯೆಲ್ಲ ಹಾಳು. ಆಮೇಲೆ ನಾಲ್ಕೂವರೆ ಮೀಟರಿನ ಎರಡು ತುಂಡು ಮಾಡಿ ಉದ್ದಕ್ಕೆ ಹೊಲಿಯಿರಿ. ಸುಮಾರು 175 ಸೆಂ.ಮೀ. ಎತ್ತರ ಸಿಗುತ್ತದೆ. ಮೇಲಿನ 130 ನಕ್ಷೆಗೆ, ಕೆಳಗಿನ 45 ಚಳಿಯ ಗೆರೆಗೆ.

ಬಣ್ಣಕ್ಕೆ: ಮೈದಾವನ್ನು ಅರ್ಧ ಲೀಟರ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ತೊಳಸುತ್ತಾ ಕಾಯಿಸಿ ತೆಳು ಅಂಟು ಮಾಡಿ. ಮೂರರಲ್ಲಿ ಎರಡು ಪಾಲನ್ನು ಕೆಮ್ಮಣ್ಣಿಗೆ, ಒಂದು ಪಾಲನ್ನು ಇದ್ದಿಲಿಗೆ ಸೇರಿಸಿ. ಮಜ್ಜಿಗೆಯ ಹದ ಇರಲಿ. ದಪ್ಪಗೆ ಬಳಿದರೆ ಒಣಗಿದ ಮೇಲೆ ಹೊಪ್ಪಳಿಕೆ ಏಳುತ್ತದೆ. ತೆಳ್ಳಗೆ ಎರಡು ಸಲ ಬಳಿಯಿರಿ. ನಮ್ಮ ಹವೆಯಲ್ಲಿ ಮೈದಾ ಅಂಟಿಗೆ ವಾರದೊಳಗೆ ಬೂಸುರು ಹಿಡಿಯುತ್ತದೆ. ತೋಟಕ್ಕೆ ತಂದ ಮೈಲುತುತ್ತಿನ ಒಂದು ಚಿಟಿಕೆ ಹಾಕಿದರೆ ಹಿಡಿಯುವುದಿಲ್ಲ. ಅದು ವಿಷ, ದೊಡ್ಡವರೇ ಹಾಕಬೇಕು, ಹಾಕಿದ ಪಾತ್ರೆ ಅಡುಗೆಗೆ ಮರಳಬಾರದು.

ಈಗ ಚೌಕ. ಇಲ್ಲೇ ಹೆಚ್ಚಿನವರು ಎಡವುವುದು. ರೇಖಾಂಶದ ಒಂದು ಡಿಗ್ರಿಗೂ ಅಕ್ಷಾಂಶದ ಒಂದು ಡಿಗ್ರಿಗೂ ಒಂದೇ ಅಳತೆ ಕೊಟ್ಟರೆ ನಕ್ಷೆ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ. ಭೂಮಧ್ಯರೇಖೆಯ ಹತ್ತಿರದ ನಮ್ಮಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. 55 ಡಿಗ್ರಿ ಉತ್ತರದಲ್ಲಿ ರೇಖಾಂಶದ ಒಂದು ಡಿಗ್ರಿ ಎಂದರೆ 64 ಕಿ.ಮೀ., ಅಕ್ಷಾಂಶದ್ದು 111 ಕಿ.ಮೀ. ಆದ್ದರಿಂದ ಅಡ್ಡಕ್ಕೆ ಡಿಗ್ರಿಗೆ 30 ಸೆಂ.ಮೀ., ಉದ್ದಕ್ಕೆ ಡಿಗ್ರಿಗೆ 52 ಸೆಂ.ಮೀ. ಎಡಗಡೆಯ ಸೊನ್ನೆ 24 ಡಿಗ್ರಿ ಪೂರ್ವ, ನಕ್ಷೆಯ ಕೆಳ ಅಂಚು 53.5 ಡಿಗ್ರಿ ಉತ್ತರ. ಊರುಗಳು ಬೀಳುವ ಜಾಗ, ಮೊದಲು ಎಡದಿಂದ, ಆಮೇಲೆ ಕೆಳಗಿನಿಂದ, ಸೆಂ.ಮೀ.ಗಳಲ್ಲಿ:

ಕೋವ್ನೋ (ನೀಮನ್ ನದಿ) 0, 78
ವಿಲ್ನಾ 39, 62
ಸ್ಮೊರ್ಗೋನ್ 72, 47
ಮೊಲೊದೆಚ್ನೋ 84, 42
ಸ್ತುದ್ಯಾಂಕಾ (ಬೆರೆಜಿನಾ ನದಿ) 135, 42
ಪೊಲೊಟ್ಸ್ಕ್ 141, 104
ವಿಟೆಬ್ಸ್ಕ್ 186, 88
ಓರ್ಶಾ 192, 52
ಸ್ಮೊಲೆನ್ಸ್ಕ್ 240, 68
ದೊರೊಗೊಬುಜ್ 276, 73
ವ್ಯಾಜ್ಮಾ 309, 88
ಮೊಜಾಯ್ಸ್ಕ್ 360, 104
ಮಲೋಯರೊಸ್ಲಾವೆಟ್ಸ್ 375, 78
ಮಾಸ್ಕೋ 408, 120

ಹೋಗುವ ಪಟ್ಟಿ ಕೆಂಪು. ಮಿನಾರ್ ಕೊಟ್ಟ ಸಂಖ್ಯೆಗಳು: ನೀಮನ್ ದಾಟಿದ್ದು 4,22,000, ಅಂದರೆ 42.2 ಸೆಂ.ಮೀ. ಅಗಲ. ಅದರಿಂದ 22,000ದ ಒಂದು ಕವಲು, 60,000ದ ಇನ್ನೊಂದು ಕವಲು ಉತ್ತರಕ್ಕೆ ಒಡೆಯುತ್ತವೆ; ಎರಡನೆಯದು ಪೊಲೊಟ್ಸ್ಕ್ ಕಡೆಗೆ. ಉಳಿದದ್ದು 34 ಸೆಂ.ಮೀ. ವಿಟೆಬ್ಸ್ಕಿನಲ್ಲಿ 17.5, ಸ್ಮೊಲೆನ್ಸ್ಕಿನಲ್ಲಿ 14.5, ಮೊಜಾಯ್ಸ್ಕಿನ ದಾರಿಯಲ್ಲಿ 12.7, ಮಾಸ್ಕೋದಲ್ಲಿ 10.

ಬರುವ ಪಟ್ಟಿ ಕಪ್ಪು: ಮಾಸ್ಕೋ 10, ಮಲೋಯರೊಸ್ಲಾವೆಟ್ಸ್ ಹತ್ತಿರ 9.6, ವ್ಯಾಜ್ಮಾ 5.5, ದೊರೊಗೊಬುಜ್ 3.7, ಸ್ಮೊಲೆನ್ಸ್ಕ್ 2.4, ಓರ್ಶಾ 2. ಬೆರೆಜಿನಾಗೆ ಸ್ವಲ್ಪ ಮೊದಲು ಪೊಲೊಟ್ಸ್ಕಿನಿಂದ 30,000 ಮಂದಿ ಬಂದು ಕೂಡಿ 5 ಆಗುತ್ತದೆ, ನದಿ ದಾಟಿದ ಮೇಲೆ 2.8. ಮೊಲೊದೆಚ್ನೋ 1.2, ವಿಲ್ನಾ 0.8, ಅದರ ಆಚೆ 0.4. ಕೊನೆಗೆ 22,000ದ ಕವಲಿನಲ್ಲಿ ಉಳಿದ 6,000 ಸೇರಿ ಹೊರಗೆ ಬಂದದ್ದು 10,000, ಅಂದರೆ ಒಂದೇ ಸೆಂ.ಮೀ.

ಪಶ್ಚಿಮದ ಭಾಗದಲ್ಲಿ, ಅಂದರೆ ಮೊದಲ 120 ಸೆಂ.ಮೀ.ನಲ್ಲಿ, ಎರಡು ಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ. ಕೆಂಪಿನ ಕೆಳ ಅಂಚು 55 ಸೆಂ.ಮೀ.ಗಿಂತ ಕೆಳಗೆ ಇಳಿಯದಂತೆ ಪಟ್ಟಿಯನ್ನು ಮೇಲಕ್ಕೆ ಸರಿಸಿ, ಕಪ್ಪಿನ ಮೇಲಂಚು 50 ಮೀರದಿರಲಿ. ವಿಲ್ನಾದ ಚುಕ್ಕೆ ಕೆಂಪಿನಡಿಗೆ ಹೋಗುತ್ತದೆ. ಬಣ್ಣ ಒಣಗಿದ ಮೇಲೆ ಬಿಳಿಯಲ್ಲಿ ಬರೆದರಾಯಿತು. ಸ್ಮೊಲೆನ್ಸ್ಕಿನಲ್ಲಿ ಚುಕ್ಕೆಯ ಮೇಲ್ಗಡೆ ಕೆಂಪು, ಕೆಳಗಡೆ ಕಪ್ಪು. ಪಟ್ಟಿಯನ್ನು ಊರಿಂದ ಊರಿಗೆ ನಯವಾಗಿ ಕಿರಿದಾಗಿಸಬಹುದು. ಬೆರೆಜಿನಾದಲ್ಲಿ ಮಾತ್ರ 5ರಿಂದ 2.8ಕ್ಕೆ ಒಮ್ಮೆಲೇ ಕತ್ತರಿಸಿ. ಅದು ನಾಲ್ಕು ದಿನಗಳ ನಷ್ಟ, ನವೆಂಬರ್ 26ರಿಂದ 29.

ಕೆಳಗಿನ 45 ಸೆಂ.ಮೀ.ನಲ್ಲಿ ಚಳಿ. ಮಿನಾರ್ ಬರೆದ ಡಿಗ್ರಿಗಳು ರೇಮರ್ (Réaumur) ಎಂಬ ಹಳೆಯ ಉಷ್ಣಮಾಪಕದವು. ಅವನ್ನೇ ಸೆಲ್ಸಿಯಸ್ ಎಂದು ಬರೆದರೆ ತಪ್ಪು, 1.25ರಿಂದ ಗುಣಿಸಬೇಕು. ಡಿಗ್ರಿಗೆ 1 ಸೆಂ.ಮೀ. ಕೆಳಗೆ ಎಂದಿಟ್ಟುಕೊಂಡರೆ: ಅಕ್ಟೋಬರ್ 18, ಮಾಸ್ಕೋದ ಕೆಳಗೆ ಸೊನ್ನೆ, ನವೆಂಬರ್ 9, ದೊರೊಗೊಬುಜ್ ಕೆಳಗೆ ಮೈನಸ್ 11, ನವೆಂಬರ್ 14, ಸ್ಮೊಲೆನ್ಸ್ಕಿನಲ್ಲಿ ಮೈನಸ್ 26, 156 ಸೆಂ.ಮೀ.ನಲ್ಲಿ ಮೈನಸ್ 14. ನವೆಂಬರ್ 28, ಬೆರೆಜಿನಾದಲ್ಲಿ ಮೈನಸ್ 25. ಡಿಸೆಂಬರ್ 1, 96 ಸೆಂ.ಮೀ.ನಲ್ಲಿ ಮೈನಸ್ 30. ಡಿಸೆಂಬರ್ 6, 81 ಸೆಂ.ಮೀ.ನಲ್ಲಿ ಮೈನಸ್ 37.5; ಡಿಸೆಂಬರ್ 7, ವಿಲ್ನಾದ ಕೆಳಗೆ ಮೈನಸ್ 32.5. ದಿನಾಂಕಗಳನ್ನು ಬೇರೆ ಕಡೆಯಿಂದ ತುಂಬುವಾಗ ಜಾಗ್ರತೆ: ರಷ್ಯಾದ ಹಳೆಯ ಪಂಚಾಂಗ 12 ದಿನ ಹಿಂದೆ. ಮಾಸ್ಕೋ ದಾರಿಯ ಬೊರೊಡಿನೋ ಕದನ ಸೆಪ್ಟೆಂಬರ್ 7, ರಷ್ಯನ್ ದಾಖಲೆಯಲ್ಲಿ ಆಗಸ್ಟ್ 26. ಎರಡನ್ನೂ ಬೆರೆಸಿದರೆ ಸೈನ್ಯ ಹಿಂದೆ ನಡೆದಂತಾಗುತ್ತದೆ.

ಬಟ್ಟೆ ಮುಗಿದ ಮೇಲೆ ಮಕ್ಕಳಿಗೆ ಮಾತು ಕಲಿಸಿ. "ರಷ್ಯಾದ ಚಳಿ ನೆಪೋಲಿಯನ್‌ನನ್ನು ಸೋಲಿಸಿತು" ಎಂದು ಹೇಳುವ ಮಗುವನ್ನು ಕೆಂಪು ಪಟ್ಟಿಯ ಮುಂದೆ ನಿಲ್ಲಿಸಿ ಅಳೆಯಲು ಹೇಳಿ. 42 ಸೆಂ.ಮೀ. 10ಕ್ಕೆ ಇಳಿದದ್ದು ಜೂನ್‌ನಿಂದ ಸೆಪ್ಟೆಂಬರ್ 14ರೊಳಗೆ, ಬೇಸಗೆಯಲ್ಲಿ. ಕೋವ್ನೋದಲ್ಲಿ ಹೊರಟ ಸೈನ್ಯವೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಇಂದಿನ ಜನರಲ್ಲಿ ಮೂರರಲ್ಲಿ ಒಂದು ಪಾಲು. ಅಷ್ಟು ಬಾಯಿಗೆ, ಅದರ ಮೇಲೆ ಕುದುರೆಗಳಿಗೆ, ದಾರಿಯಲ್ಲೇ ಆಹಾರ ಸಿಗಬೇಕಿತ್ತು. ಇಟಲಿಯ ಲೊಂಬಾರ್ಡಿಯಲ್ಲಿ, ದಕ್ಷಿಣ ಜರ್ಮನಿಯಲ್ಲಿ ಸಿಕ್ಕಿತ್ತು, ಏಕೆಂದರೆ ಅಲ್ಲಿ ಹೊಲಗಳೂ ಹಳ್ಳಿಗಳೂ ಒತ್ತೊತ್ತು. ಅಲ್ಲಿ ಅವನನ್ನು ಗೆಲ್ಲಿಸಿದ್ದೇ ಈ ವೇಗ, ಗಾಡಿಗಳಿಗೆ ಕಾಯದ ನಡಿಗೆ. ಲಿಥುವೇನಿಯಾದಲ್ಲಿ ಊರು ವಿರಳ, ದಾರಿ ಕೆಟ್ಟದ್ದು, ಭಾರದ ಗಾಡಿಗಳು ಹೂತುಹೋದವು. ಹಸಿ ಮೇವು ತಿಂದ ಕುದುರೆಗಳು ಸತ್ತವು, ಸೈನಿಕರಿಗೆ ಟೈಫಸ್, ರಕ್ತಭೇದಿ. ಬಹಳ ಮಂದಿ ಓಡಿಹೋದರು. ಬೊರೊಡಿನೋದಲ್ಲಿ ಒಂದೇ ದಿನ ಸುಮಾರು 30,000 ಮಂದಿ ಸತ್ತರು ಅಥವಾ ಗಾಯಗೊಂಡರು. ಏಳಲು ನೆರವಾದ ಪದ್ಧತಿಯೇ ಇಲ್ಲಿ ಬೀಳಿಸಿತು.

ಜತೆಗೆ ಎರಡು ಎಚ್ಚರಿಕೆ. ಪಟ್ಟಿ ಕಿರಿದಾದದ್ದೆಲ್ಲ ಸಾವಲ್ಲ. ಕಾವಲಿಗೆಂದು ದಾರಿಯ ಊರುಗಳಲ್ಲಿ ಬಿಟ್ಟುಹೋದವರೂ ಅದರಲ್ಲಿದ್ದಾರೆ. ಬೇರೆ ದಾರಿ ಹಿಡಿದು ಮಿನ್ಸ್ಕ್ ಕಡೆ ಹೋಗಿದ್ದ ದಳಗಳನ್ನೂ ಮಿನಾರ್ ಮುಖ್ಯ ಸೈನ್ಯದೊಂದಿಗೇ ನಡೆದಂತೆ ಬರೆದಿದ್ದಾನೆ, ಅದನ್ನು ತಾನೇ ಒಪ್ಪಿಯೂ ಇದ್ದಾನೆ. ಇನ್ನೊಂದು, ಈ ಬಟ್ಟೆಯಲ್ಲಿ ರಷ್ಯನ್ನರೇ ಇಲ್ಲ. ಬೊರೊಡಿನೋದಲ್ಲಿ ಅವರ ಕಡೆ ಬಿದ್ದವರು ಫ್ರೆಂಚರಿಗಿಂತ ಹೆಚ್ಚು. ಆ ಮಾತಿಗೆ ಒಂದು ಚೀಟಿ ಕಡ್ಡಾಯ.

ಬೆರೆಜಿನಾದ ಚೀಟಿಯಲ್ಲಿ ಇನ್ನೂ ಒಂದು ಸಂಗತಿ ಬರೆಯಿರಿ. ಅಲ್ಲಿ ಕೆಡುಕು ಮಾಡಿದ್ದು ದಾಟುವ ಮುಂಚಿನ ದಿನಗಳಲ್ಲಿ ಚಳಿ ಕಡಿಮೆಯಾದದ್ದು. ಹಿಮ ಕರಗಿ ನದಿ ಹರಿಯುತ್ತಿತ್ತು, ನಡೆದು ದಾಟುವಂತಿರಲಿಲ್ಲ. ಜನರಲ್ ಎಬ್ಲೆಯ ಸೇತುವೆ ದಳದವರು ಎದೆಮಟ್ಟದ ನೀರಲ್ಲಿ, ತೇಲಿ ಬರುವ ಹಿಮದ ಚೂರುಗಳ ನಡುವೆ ನಿಂತು ಎರಡು ಸೇತುವೆ ಕಟ್ಟಿದರು. ನೆಪೋಲಿಯನ್ ಡಿಸೆಂಬರ್ 5ರಂದು ಸ್ಮೊರ್ಗೋನ್‌ನಲ್ಲಿ ಸೈನ್ಯವನ್ನು ಬಿಟ್ಟು ಪ್ಯಾರಿಸ್ಸಿಗೆ ಹೊರಟ. ಸೇತುವೆ ಕಟ್ಟಿದವರಲ್ಲಿ ಉಳಿದವರು ಬಹಳ ಕಡಿಮೆ.

ಮಣ್ಣಿನ ಹಲಗೆ: ವಾಟರ್ಲೂ

ಇದು ವರ್ಕಿಂಗ್ ಮಾಡೆಲ್ ಆಗಿ ನಿಲ್ಲುತ್ತದೆ. 90 ಗುಣಿಸು 60 ಸೆಂ.ಮೀ. ಪ್ಲೈವುಡ್, ಸುತ್ತ 8 ಸೆಂ.ಮೀ. ಅಂಚು. 100 ಮೀಟರಿಗೆ 2 ಸೆಂ.ಮೀ. ಜರಡಿ ಹಿಡಿದ ಕೆಂಪು ಮಣ್ಣನ್ನು ಸ್ವಲ್ಪ ತೇವ ಮಾಡಿ ಅಡ್ಡಲಾಗಿ ಎರಡು ದಿಬ್ಬ ಎಬ್ಬಿಸಿ: ಉತ್ತರದ್ದು ವೆಲ್ಲಿಂಗ್ಟನ್, ದಕ್ಷಿಣದ್ದು ನೆಪೋಲಿಯನ್. ನಡುವೆ 25 ಸೆಂ.ಮೀ. ಅಂತರ. ದಿಬ್ಬಗಳಿಗೆ 4 ಸೆಂ.ಮೀ. ಎತ್ತರ ಕೊಡಿ; ಎತ್ತರವನ್ನು ಹಿಗ್ಗಿಸಿದ್ದೇವೆ ಎಂದು ಬರೆಯಲು ಮರೆಯಬೇಡಿ, ನಿಜದ ನೆಲ ಇಷ್ಟು ಕಡಿದಲ್ಲ. ಉತ್ತರ ದಿಬ್ಬದ ಮುಂದೆ ಪಶ್ಚಿಮಕ್ಕೆ ಹೂಗೊಮೋ ತೋಟದಮನೆ, ನಡುವೆ ಬ್ರಸೆಲ್ಸ್ ರಸ್ತೆಯಂಚಿಗೆ ಲಾ ಎ ಸೇಂತ್, ದಕ್ಷಿಣ ದಿಬ್ಬದ ಹಿಂದೆ ಪೂರ್ವಕ್ಕೆ ಪ್ಲಾನ್ಸೆನ್ವಾ ಹಳ್ಳಿ. ಮನೆಗಳನ್ನು ಅಡಿಕೆ ಹಾಳೆಯಿಂದ ಕತ್ತರಿಸಿ ಮಡಚಿದರೆ ಆಯಿತು.

1,000 ಸೈನಿಕರಿಗೆ ಒಂದು ಕಾಳು. ಫ್ರೆಂಚರಿಗೆ ಕಡಲೆ 73, ವೆಲ್ಲಿಂಗ್ಟನ್‌ಗೆ ಬಟಾಣಿ 68, ವೆಲ್ಲಿಂಗ್ಟನ್‌ನ ನೆರವಿಗೆ ಬರುವ ಪ್ರಷ್ಯನ್ನರಿಗೆ ಹುಣಸೆ ಬೀಜ 50. ಪ್ರಷ್ಯನ್ನರನ್ನು ಬೆನ್ನಟ್ಟಿ ಹೋಗಿದ್ದ ಫ್ರೆಂಚ್ ಮಾರ್ಷಲ್ ಗ್ರೂಶಿಯ 33 ಕಡಲೆ ಹಲಗೆಯ ಹೊರಗೆ, ಪೂರ್ವದಲ್ಲಿ ಬೇರೆ ಬಟ್ಟಲಲ್ಲಿ. ಅವು ಇಡೀ ದಿನ ಅಲ್ಲೇ ಇರುತ್ತವೆ. 68 ಬಟಾಣಿಯಲ್ಲಿ ಬ್ರಿಟಿಷರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಉಳಿದವರು ಜರ್ಮನ್, ಡಚ್, ಬೆಲ್ಜಿಯನ್. ಇದನ್ನು ಬರಿಯ ಬ್ರಿಟಿಷ್ ಗೆಲುವೆಂದು ಬರೆಯಬೇಡಿ.

ಪ್ರಯೋಗ ಎರಡು. ಒಂದು, ಮೊಬೈಲಿನ ಟಾರ್ಚನ್ನು ದಕ್ಷಿಣ ದಿಬ್ಬದ ತುದಿಯಲ್ಲಿ, ದಿಬ್ಬದ ಮಟ್ಟಕ್ಕೇ ಇಟ್ಟು ಕೋಣೆ ಕತ್ತಲೆ ಮಾಡಿ. ಬೆಳಕು ಬೀಳದ ಜಾಗವೆಂದರೆ ನೆಪೋಲಿಯನ್‌ಗೆ ಕಾಣದ ಜಾಗ. ವೆಲ್ಲಿಂಗ್ಟನ್ ತನ್ನ ಸೈನ್ಯದ ಹೆಚ್ಚಿನ ಪಾಲನ್ನು ನಿಲ್ಲಿಸಿದ್ದು ಆ ನೆರಳಿನಲ್ಲಿ, ದಿಬ್ಬದ ಆಚೆಯ ಇಳಿಜಾರಿನಲ್ಲಿ. ಟಾರ್ಚು ಎರಡು ಬೆರಳು ಮೇಲೆ ಹೋದರೂ ನೆರಳು ಕುಗ್ಗುತ್ತದೆ, ಹಾಗಾಗಿ ಅದನ್ನು ಮಣ್ಣಿನಲ್ಲಿ ಊರಿ ಗಟ್ಟಿ ಮಾಡಿ.

ಎರಡು, ಎರಡು ತಟ್ಟೆಗಳಲ್ಲಿ ತಲಾ ಎರಡು ಕಿಲೋ ಮಣ್ಣು: ಒಂದು ಒಣಗಿಸಿ ಬಡಿದದ್ದು, ಇನ್ನೊಂದಕ್ಕೆ ಅರ್ಧ ಲೀಟರ್ ನೀರು. ಒಂದು ಮೀಟರ್ ಎತ್ತರದಿಂದ ಓರೆಯಾಗಿ ಗೋಲಿ ಎಸೆಯಿರಿ. ಒಣ ಮಣ್ಣಿನಲ್ಲಿ ಪುಟಿದು ಮುಂದೆ ಹೋಗುತ್ತದೆ, ಕೆಸರಿನಲ್ಲಿ ಹೂತುಬಿಡುತ್ತದೆ. ಅಂದಿನ ಫಿರಂಗಿ ಗುಂಡು ಕೊಲ್ಲುತ್ತಿದ್ದದ್ದು ಪುಟಿಪುಟಿದು ಸಾಲುಗಳನ್ನು ಸೀಳುತ್ತಾ. ಜೂನ್ 17ರ ರಾತ್ರಿಯಿಡೀ ಮಳೆ. ಕೆಸರಿನಲ್ಲಿ ಫಿರಂಗಿ ಸಾಗಿಸುವುದೂ ಕಷ್ಟ. 18ರಂದು ಕದನ ಶುರುವಾಗುವಾಗ ಗಂಟೆ ಸುಮಾರು ಹನ್ನೊಂದೂವರೆ. ನಾಲ್ಕೂವರೆಯ ಹೊತ್ತಿಗೆ ಹುಣಸೆ ಬೀಜಗಳು ಪ್ಲಾನ್ಸೆನ್ವಾ ಕಡೆಯಿಂದ ಒಳಗೆ ಬರತೊಡಗುತ್ತವೆ. ಸಂಜೆ ಏಳೂವರೆ ಸುಮಾರಿಗೆ ಸಾಮ್ರಾಟನ ಕಾವಲು ದಳ ಕೊನೆಯ ದಾಳಿಗೆ ಹೊರಟು ಹಿಮ್ಮೆಟ್ಟುತ್ತದೆ. ಗಡಿಯಾರದ ಮುಳ್ಳು ತಿರುಗಿಸುತ್ತಾ ಒಂದು ಮಗು ಕಾಳು ಸರಿಸಲಿ, ಇನ್ನೊಂದು ಮಗು ಹೇಳಲಿ. ಒಬ್ಬರೇ ಎರಡೂ ಮಾಡಿದರೆ ಎರಡೂ ಕೆಡುತ್ತವೆ.

ಮಳೆ ಬರದಿದ್ದರೆ ಗೆಲ್ಲುತ್ತಿದ್ದನೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಕ್ಕೆ ಹಗ್ಗದ ಹತ್ತಿರ ಕರೆದೊಯ್ಯಿರಿ: 1813 ಅಕ್ಟೋಬರ್ 16ರಿಂದ 19, ಲೈಪ್‌ಜಿಗ್ ಸೋಲು, 1814 ಮಾರ್ಚ್ 31, ಪ್ಯಾರಿಸ್ಸಿನಲ್ಲಿ ಶತ್ರು ಸೈನ್ಯ. 1815ರಲ್ಲಿ ಆಸ್ಟ್ರಿಯಾ, ರಷ್ಯಾಗಳ ಸೈನ್ಯಗಳು ವಾಟರ್ಲೂವಿಗೆ ಬಂದೇ ಇರಲಿಲ್ಲ, ದಾರಿಯಲ್ಲಿದ್ದವು. ಆ ಒಂದು ದಿನ ಗೆದ್ದಿದ್ದರೂ ಮುಂದಿನ ಕದನಗಳು ಕಾದಿದ್ದವು.

ಮೇಳದ ದಿನಕ್ಕೆ ಕೆಲವು ಮಾತು. ನೋಡುಗರಲ್ಲೂ ತೀರ್ಪುಗಾರರಲ್ಲೂ ಮಲಯಾಳ ಮಾತ್ರ ಓದಬಲ್ಲವರು ಇರುತ್ತಾರೆ. ಊರಿನ ಹೆಸರು ಮತ್ತು ತಲೆಬರಹಗಳ ಕೆಳಗೆ ಮಲಯಾಳದಲ್ಲೂ ಬರೆಯಿರಿ, ಅಂಕಿಗಳನ್ನು 5 ಸೆಂ.ಮೀ. ಎತ್ತರಕ್ಕೆ ಕಡಿಮೆ ಇಲ್ಲದಂತೆ. ವಿವರಣೆ ಏಳು ನಿಮಿಷ ದಾಟಬಾರದು: ಹಗ್ಗಕ್ಕೆ ಎರಡು, ಬಟ್ಟೆಗೆ ಮೂರು, ಹಲಗೆಗೆ ಎರಡು. ಬಟ್ಟೆಯ ಮೇಲೂ ಕೆಳಗೂ ದಬ್ಬೆ ಕಟ್ಟಿದರೆ ಗಾಳಿಗೆ ಹಾರದು. ಮುಗಿದ ಮೇಲೆ ಬಟ್ಟೆ ಮಡಚಬೇಡಿ, ಮಡಿಕೆಯಲ್ಲಿ ಕೆಮ್ಮಣ್ಣು ಉದುರುತ್ತದೆ; ಬಣ್ಣದ ಮುಖ ಹೊರಗೆ ಬರುವಂತೆ ಪಿವಿಸಿ ಪೈಪಿಗೆ ಸುತ್ತಿ, ಹಳೆ ಪಂಚೆ ಮುಚ್ಚಿ, ಅಟ್ಟದಲ್ಲಿ ಅಡ್ಡಡ್ಡ ಇಡಿ. ಅಳತೆಗಳ ಚೀಟಿಯನ್ನು ಪೈಪಿನ ಒಳಗೇ ಹಾಕಿಡಿ, ಮುಂದಿನ ವರ್ಷದ ಮಕ್ಕಳು ಉದುರಿದ ಜಾಗಕ್ಕೆ ಬಣ್ಣ ತುಂಬಲು ಅದು ಬೇಕಾಗುತ್ತದೆ.